ಆಯಿಯ ಮರವು, ಮುತ್ಯಾನ ಚಿಂತಿ

ಮರವಿನ ರೋಗ ಇದ್ದ ಮನಿಯಾಗ ನಗಿ ಇರಂಗಿಲ್ಲ ಅಂತ ಯಾರರೆ ಅಂದ್ರ ನಾ ಒಪ್ಪಂಗಿಲ್ಲ. ಎಂಬತ್ತರ ದಶಕದಾಗ ಅಫಜಲಪುರ ಬಸ್‌ಸ್ಟ್ಯಾಂಡಿನ ಎದುರಿಗೆ ನಂದೊಂದು ಸಣ್ಣ ದವಾಖಾನಿ ಇತ್ತು. ಭೀಮಾ ದಂಡಿ ಮ್ಯಾಲಿನ ಹಳ್ಳಿಯಿಂದ ಶರಣಪ್ಪ ಅಂತ ಒಬ್ಬ ಮುತ್ಯಾ ತನ್ನ ಹೆಣತಿನ ಕರ್ಕೊಂಡು ಬರ್ತಿದ್ದ. ಆ ಮುದುಕಿಗೆ ನಾ ಆಯಿ ಅಂತಿದ್ದೆ; ಅಕಿಗೆ ಮರವು. ಅವರಿಬ್ಬರು ಬಂದು ಹೋದ್ರ ಅವತ್ತು ನಂಗ ರೊಟ್ಟಿ ಜಾಸ್ತಿನೇ ಹೋಗ್ತಿತ್ತು.

ಮೋಟರ್

ಮೊದಲ ಸಲ ಬಂದಾಗ ಆಯಿ ಒಲಿ ಹಚ್ಚಿದ್ದು ಮರೀತಿದ್ಲು, ಉಂಡದ್ದು ಮರೀತಿದ್ಲು. ಮುತ್ಯಾಂದು ಒಂದ ಪ್ರಶ್ನಿ: "ಡಾಕ್ಟರ್ ಸಾಹೇಬ್ರ, ಬ್ಯಾರೆ ಏನರೆ ಮರೀಲಿ. ನನ್ನ ಮರೀತಾಳೇನ್ರಿ?"

ನಾನು ಹೊಸದಾಗಿ ಓದಿದ್ದೆಲ್ಲಾ ಹೊರಗ ತಗದೆ. "ಮುತ್ಯಾ, ಮಿದುಳಿನ ಮುಂದಿನ ಭಾಗದ ಬುಡಕ್ಕ ನರಕೋಶಗಳದೊಂದು ಗುಂಪು ಅದ. ಅಸಿಟೈಲ್‌ಕೋಲಿನ್ ಅಂತ ಒಂದು ರಸ ಮಾಡಿ ಇಡೀ ಮಿದುಳಿಗೆ ಕಳಸ್ತದ. ನೆನಪಿಗೆ ಅದು ಬೇಕೇಬೇಕು. ನದಿ ದಂಡ್ಯಾಗ ನಿಮ್ಮ ಮೋಟರ್ ಹೊಲಕ್ಕ ನೀರು ಹಾಯಸ್ತದಲ್ರಿ, ಹಂಗ. ಆಯಿದು ಆ ಮೋಟರ್ ಸುಡಾಕತ್ತದ."

ಮುತ್ಯಾನ ಮಾರಿ ಅರಳ್ತು. "ಅಷ್ಟೇ ಏನ್ರಿ! ಆಳಂದದಾಗ ನಮ್ಮ ಸಡ್ಡಕ, ಇಕಿ ತಂಗಿ ಗಂಡ, ಮೋಟರ್ ವೈಂಡಿಂಗ್ ಮಾಡ್ತಾನ್ರಿ. ನೀವು ಬಿಚ್ಚಿ ಕೊಡ್ರಿ, ಸಂಜೀಕ ತರ್ತೇನಿ."

ನೆಗಡಿ ಗುಳಿಗಿ

ಒಂದಿನ ಆಯಿ ಪೂರಾ ಮಂಕಾಗಿ ಬಂದ್ಲು. ಕೇಳಿದ್ರ, ಅಕಿಗೆ ನಿದ್ದಿ ಬರಲಿ ಅಂತ ಮುತ್ಯಾ ಕಿರಾಣಿ ಅಂಗಡಿ ನೆಗಡಿ ಗುಳಿಗಿ ದಿನಾ ಕೊಡಾಕತ್ತಿದ್ದ! ನಂಗ ಸಿಟ್ಟು ನೆತ್ತಿಗೇರ್ತು.

"ಯಪ್ಪಾ, ಆ ಗುಳಿಗಿ, ಮಿದುಳಿನಾಗ ಉಳದ ಅಷ್ಟಿಷ್ಟು ರಸಕ್ಕೂ ಕೆಲಸ ಮಾಡಗೊಡಂಗಿಲ್ರಿ! ಇವತ್ತೇ ಬಂದ್ ಮಾಡ್ರಿ."

ಮುಂದಿನ ತಿಂಗಳು ಮುತ್ಯಾ ಒಬ್ಬನೇ ಬಂದ, ಮಾರಿ ಸಪ್ಪಗ ಮಾಡ್ಕೊಂಡು. "ಬಂದ್ ಮಾಡಿದೆ, ಅಕಿ ತಲಿ ತಿಳಿ ಆಗ್ಯಾದ್ರಿ. ಮದುವ್ಯಾದ ವರ್ಷ ನಮ್ಮವ್ವ ಅಕಿದು ಇಳಕಲ್ ಸೀರಿ ತಗದು ನಮ್ಮ ತಂಗಿಗೆ ಕೊಟ್ಟಿದ್ಲು, ನಾ ಸುಮ್ಮ ಕುಂತಿದ್ದೆ. ಅದು ಈಗ ನೆನಪಾಗ್ಯಾದ. ಮುಂಜಾನಿ ಬೈತಾಳ. ಬೈದದ್ದು ಮರೀತಾಳ. ಸಂಜೀಕ ಮತ್ತ ಮೊದಲಿಂದ ಬೈತಾಳ."

ಆಮ್ಯಾಲ ದನಿ ಸಣ್ಣಗ ಮಾಡಿ ಕೇಳಿದ: "ಸಾಹೇಬ್ರ, ವಾರಕ್ಕೊಂದು ಗುಳಿಗಿ ನಡೀತದೇನ್ರಿ?"

ಗಂಡನ ಹೆಸರು

ಬರಬರ್ತಾ ರೋಗ ಜೋರಾತು. ಜೇವರ್ಗಿಯಿಂದ ಬಂದ ಮಗಳಿಗೇ ಆಯಿ, "ನೀ ಯಾರ ಪೈಕಿ ಬೇ?" ಅಂದ್ಲಂತ. ಮುತ್ಯಾ ಪಾಪ, ಇಳದು ಹೋಗಿದ್ದ. "ನಂದೂ ಪಾಳಿ ಬಂತು ಕಾಣ್ತದ್ರಿ. ನಂಗ ಕೇಳಾಕ ಧೈರ್ಯ ಸಾಲವಲ್ದು, ನನ್ನ ನೆನಪದ ಏನಂತ ನೀವೇ ಕೇಳ್ರಿ," ಅಂದು ಹೊರಗ ಹೋಗಿ ನಿಂತ.

"ಆಯಿ, ನಿಮ್ಮ ಯಜಮಾನ್ರ ಹೆಸರೇನ್ರಿ?"

ಆಯಿ ಸೆರಗು ಮಾರಿಗೆ ಅಡ್ಡ ಹಿಡ್ಕೊಂಡು ಗ್ವಾಡಿ ನೋಡಿದ್ಲು. ಮತ್ತ ಕೇಳಿದೆ. ತುಟಿ ಪಿಟಕ್ಕನ್ಲಿಲ್ಲ. ಹೊರಗ ಹೋಗಿ ಮುತ್ಯಾನ ಕೈ ಹಿಡ್ಕೊಂಡು, ಆಯಿಗೆ ನಿಮ್ಮ ಹೆಸರು ನೆನಪಿಲ್ಲ ಅಂತ ಹೇಳಿದೆ.

ಅಂವಾ ಹಣಿ ಬಡ್ಕೊಂಡ. "ನಿಮಗ ಬುದ್ಧಿ ಅದ ಏನ್ರಿ? ಹೆಣಮಕ್ಕಳು ಗಂಡನ ಹೆಸರು ಹೇಳ್ತಾರೇನ್ರಿ? ರೇಶನ್ ಕಾರ್ಡಿನವರು ಕೇಳಿದ್ರೂ ಅಕಿ ಬಾಜೂ ಮನಿಯಾಕಿ ಕಡಿಂದ ಹೇಳಸ್ಯಾಳ!"

ಹೈದರಾಬಾದಿನಾಗ ಓದಿ ಬಂದು ನಾನು ನಮ್ಮೂರ ರಿವಾಜ ಮರ್ತಿದ್ದೆ. ಆದ್ರ ಮುತ್ಯಾನ ಚಿಂತಿ ಹಂಗೇ ಉಳೀತು.

ಮುಂದಿನ ಸಲ ಬಂದಾಗ ಆಯಿನ ನನ್ನ ದವಾಖಾನಿ ಕಟ್ಟಿ ಮ್ಯಾಲ ಕುಂದ್ರಿಸಿ ಮುತ್ಯಾ ಬಸ್ ಕೇಳಾಕ ಹೋದ. ಸ್ವಲ್ಪ ತಡಾ ಆತು. ಆಯಿ ಎದ್ದು, ಟೊಂಕದ ಮ್ಯಾಲ ಕೈ ಇಟ್ಟು ಒದರಿದ್ಲು: "ಏ ಶರಣ್ಯಾ! ಎಲ್ಲಿ ಹಾಳಾಗಿ ಹೋಗಿಯೋ? ಬಾರೋ ಇಲ್ಲಿ!"

ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡ್ತು. ಕಂಡಕ್ಟರ್ ಸೀಟಿ ಬಾಯಾಗ ಇಟ್ಕೊಂಡು ಹಂಗೇ ನಿಂತ. ಶರಣಪ್ಪ ಮುತ್ಯಾ ಧೋತ್ರ ಎತ್ತಿ ಹಿಡ್ಕೊಂಡು ಓಡಿ ಬಂದ. ಕಣ್ಣಾಗ ನೀರು, ಮಾರಿ ತುಂಬ ನಗಿ.

"ರಿವಾಜ ಮರ್ತಾಳ್ರಿ ಸಾಹೇಬ್ರ, ನನ್ನ ಮರ್ತಿಲ್ಲ!" ಅಂದವನೇ ಅಕಿ ಮುಂದ ಕುಂತು ಗೋಗರದ: "ಇನ್ನೊಮ್ಮಿ ಕರಿ ಬೇ. ಒಂದ ಸಲ."

ಆಯಿ ಅವನ ಮಾರಿ ದಿಟ್ಟಿಸಿ ನೋಡಿದ್ಲು. "ನಿನಗ ತಲಿ ಕೆಟ್ಟದೇನು? ಹೆಂಗೂ ಇಲ್ಲಿ ತನಕ ಬಂದೀವಿ, ಡಾಕ್ಟರಿಗೆ ತೋರಿಸ್ಕೊಂಡು ನಡಿ."