ಮರಿದೇವಯ್ಯನ ಬಚ್ಚಲುಬಾಗಿಲ ದಿಗ್ವಿಜಯ

ಬೆಚ್ಚಗೆ ಹೊದ್ದು ಕುಳಿತ ಮಹಾಜನರೇ, ಕೇಳಿ! ಕಲಿಯುಗದ ಒಂದು ಹೇಮಂತದಲ್ಲಿ, ಮೇಘಚುಂಬಿತ ಶಿಖರಗಳಿಂದಲೂ ಕಂಬಳಿಪರಿವೇಷ್ಟಿತ ಪ್ರಜೆಗಳಿಂದಲೂ ಶೋಭಿಸುತ್ತಿದ್ದ ಕಾವಳಗುಡ್ಡವೆಂಬ ಪಟ್ಟಣದಲ್ಲಿ, ಘಾಟಿಮರ್ದನ, ಗಿಯರುದಂಡಧರ, ಮರದಲಾರಿಸಾರಥಿ ಮರಿದೇವಯ್ಯನು ತನ್ನ ಮನೆಯ ಬಚ್ಚಲುಬಾಗಿಲನ್ನು ಕಿತ್ತ ಕಥೆಯನ್ನು ಹೇಳುತ್ತೇನೆ.

ಆ ಊರಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಕ್ಲಬ್ಬಿನ ಕಾರ್ಯದರ್ಶಿಗಳು ಯಾವುದೋ ಕ್ಯಾಲೆಂಡರಿನಲ್ಲಿ ಹಿಮದ ಮೇಲೆ ಜಾರುವ ದೊರೆಗಳ ಚಿತ್ರ ಕಂಡು, ಚಳಿಗಾಲದ ಕ್ರೀಡೋತ್ಸವವನ್ನು ಸ್ಥಾಪಿಸಿಬಿಟ್ಟಿದ್ದರು. ಹಿಮದ ಕೊರತೆಯನ್ನು ಇಬ್ಬನಿ ನೆನೆಸಿದ ಹುಲ್ಲು ನೀಗಿತು. ಮೊದಲ ವರ್ಷದ ಜಾರುಬಂಡಿ ಪಂದ್ಯವನ್ನು ಬೇಕರಿಯ ಲಾಜರಸ್ ಪಿಂಟೊ, ಬ್ರೆಡ್ಡಿನ ಹಲಗೆಯ ಮೇಲೆ ಕುಳಿತು ಗೆದ್ದ. ಎರಡನೆಯ ವರ್ಷಕ್ಕೆ ಬಹುಮಾನವೆಂದು ತಾಮ್ರದ ಹಂಡೆಯೊಂದು ಘೋಷಿತವಾಯಿತು. ಮರಿದೇವಯ್ಯನ ಮನೆಯ ಹಂಡೆ ಸೋರುತ್ತಿತ್ತು. ಯುದ್ಧಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ವರ್ಷಗಟ್ಟಲೆ ಹಬೆ ಕುಡಿದು ನುಣುಪಾದ ಬಚ್ಚಲುಬಾಗಿಲೇ ಅವನ ಜಾರುಬಂಡಿಯಾಯಿತು. ಅದರ ಜಾಗದಲ್ಲಿ ಗೋಣಿಚೀಲ ತೂಗಿತು. ಪಂದ್ಯದ ಬೆಳಿಗ್ಗೆ ಹೆಂಡತಿ ಚಿಕ್ಕತಾಯಿ ದಾರಿಗೆ ಅಡ್ಡ ನಿಂತಳು.

“ದೀಪಾವಳಿಯಿಂದ ಗೋಣಿಚೀಲದ ಹಿಂದೆ ಸ್ನಾನ ಮಾಡ್ತಾ ಇದೀನಿ. ಗಾಳಿ ಬಂದ್ರೆ ಅದೂ ನನ್ ಪಾಲಿಗಿರಲ್ಲ. ಹಂಡೆ ತರ್ತೀರೋ, ಬಾಗಿಲು ತರ್ತೀರೋ, ಬರಿಗೈಲಿ ಮಾತ್ರ ಬರಬೇಡಿ.”

“ಎಲೈ ಮಾನಿನಿ! ಮುಂಗಾರಿನ ಘಾಟಿಯಲ್ಲಿ ಮತ್ತಗಜಸದೃಶ ದಿಮ್ಮಿಗಳನ್ನು ಇಳಿಸಿದ ಈ ಭುಜಗಳಿಗೆ ಹುಲ್ಲುಗುಡ್ಡವು ಯಾವ ಲೆಕ್ಕ? ಇಂದು ಸಂಜೆ ನೂತನ ತಾಮ್ರಭಾಂಡದ ಉಷ್ಣೋದಕದಿಂದ ನಿನಗೆ ಅಭ್ಯಂಜನವಾಗದಿದ್ದರೆ ನಾನು ಸ್ಟೇರಿಂಗು ಹಿಡಿದವನೇ ಅಲ್ಲ!” ಎಂದು ಮರಿದೇವಯ್ಯ ಮನಸ್ಸಿನಲ್ಲೇ ಗರ್ಜಿಸಿದ. ಬಾಯಿಂದ ಬಂದದ್ದು, “ಆಯ್ತು ಕಣೆ” ಎಂಬುದಷ್ಟೆ.

ಗುಡ್ಡದ ನೆತ್ತಿಯಲ್ಲಿ ಪಿಷ್ಟಧೂಸರಿತಾಂಗನಾದ ಪಿಂಟೊ ಮೊದಲೇ ಬಂದು ಕುಳಿತಿದ್ದ.

“ಏನ್ ಮರಿದೇವಣ್ಣ, ಬಾಗಿಲು ಸಮೇತ ಬಂದಿದೀರಿ? ಅತ್ತಿಗೆ ಮನೆಯಿಂದ ಓಡಿಸಿದ್ರಾ?”

“ಬಚ್ಚಲು ಬಾಗಿಲು ಮಾರಾಯ. ನಿನ್ನ ಕೊಬ್ಬು ತೊಳೆಯೋಣ ಅಂತ ತಂದೆ.”

“ಲಾರಿಗಾದ್ರೆ ಬ್ರೇಕ್ ಇರತ್ತೆ. ಇದಕ್ಕೆ?”

“ಗೆಲ್ಲೋನಿಗೆ ಬ್ರೇಕ್ ಯಾಕೋ?”

ಹೀಗೆ ಹೇಳಿದರೂ ಮರಿದೇವಯ್ಯನ ಎದೆಯಲ್ಲಿ ಒಂದು ಅಳುಕಿತ್ತು. ಚಕ್ರದಡಿ ನಿಂಬೆಹಣ್ಣು ಇಡದೆ ಅವನು ಜನ್ಮದಲ್ಲಿ ಯಾವ ಹೊಸ ಗಾಡಿಯನ್ನೂ ಹೊರಡಿಸಿದವನಲ್ಲ. ಹಣ್ಣು ಅಪ್ಪಚ್ಚಿಯಾದರೆ ದೃಷ್ಟಿಯೂ ಅಪ್ಪಚ್ಚಿ. ಬಾಗಿಲಿಗೆ ಚಕ್ರವಿಲ್ಲ, ಆದರೆ ಮೂಲೆಗಳಿವೆಯಲ್ಲ! ಅಡುಗೆಮನೆಯಿಂದ ತಂದಿದ್ದ ನಾಲ್ಕು ನಿಂಬೆಹಣ್ಣುಗಳನ್ನು ನಾಲ್ಕು ಮೂಲೆಗಳಡಿ ಸೇರಿಸಿದ. ಬಾಗಿಲ ಹಿಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಚಿಲಕವನ್ನು ಬಿಗಿಹಿಡಿದು, ಇನ್ನೊಂದರಲ್ಲಿ ಕರ್ಪೂರ ಹಚ್ಚಿ, ಗುಡ್ಡದಮ್ಮನನ್ನು ನೆನೆದ. ಕಾರ್ಯದರ್ಶಿಗಳು ಸೀಟಿಯನ್ನು ತುಟಿಗಿಟ್ಟರು.

ಕೈಮುಗಿಯಲು ಎರಡು ಕೈ ಬೇಕು. ಮರಿದೇವಯ್ಯ ಚಿಲಕ ಬಿಟ್ಟ.

ಲಾರಿ ನಿಂಬೆಹಣ್ಣನ್ನು ಅರೆಯುತ್ತದೆ. ಬಾಗಿಲು ಅವುಗಳ ಮೇಲೆ ಉರುಳಿತು. ಸೀಟಿ ಊದುವುದಕ್ಕೂ ಅದು ಹೊರಡುವುದಕ್ಕೂ ಸರಿಹೋಯಿತು. “ಅಯ್ಯೋ!” ಎಂದು ಹಾರಿ ಚಿಲಕ ಹಿಡಿದ. ಚಿಲಕ ಕಿತ್ತು ಕೈಗೆ ಬಂತು. ಸಾರಥಿರಹಿತವೂ ವಾಯುವೇಗವೂ ಆದ ಆ ದಾರುರಥವು ಹುಲ್ಲನ್ನು ಸೀಳಿ, ಇಬ್ಬನಿಯನ್ನು ಚಿಮ್ಮಿಸಿ, ಪಿಂಟೊನನ್ನು ಹಿಂದಿಕ್ಕಿ, ಗೆಲುವಿನ ಹಗ್ಗವನ್ನು ಹರಿದು, ಗಣ್ಯರ ಕಾಫಿಮೇಜಿಗೆ ಗುದ್ದಿ ನಿಂತಿತು. ಬಹಳ ಹೊತ್ತಿನ ಮೇಲೆ, ಚಿಲಕಹಸ್ತನಾಗಿ, ಏದುಸಿರು ಬಿಡುತ್ತ ವೀರನೂ ಬಂದ.

“ಮೊದಲು ಬಂದಿದ್ದು ನನ್ನ ಬಂಡಿ, ಸಾರ್!”

“ನೀವೆಲ್ಲಿದ್ರಿ?”

“ಪೂಜೆ ಮಾಡ್ತಿದ್ದೆ.”

ಕಾರ್ಯದರ್ಶಿಗಳು ಪಂಚೆಗೆ ಚೆಲ್ಲಿದ ಕಾಫಿಯನ್ನು ಒರೆಸಿಕೊಳ್ಳುತ್ತ ಯೋಚಿಸಿ ತೀರ್ಪಿತ್ತರು: “ಗೆದ್ದಿದ್ದು ಬಾಗಿಲು. ಹಾರ ಅದಕ್ಕೆ ಹಾಕಿ. ಸವಾರರಲ್ಲಿ ಮೊದಲು ಬಂದೋನು ಪಿಂಟೊ, ಹಂಡೆ ಅವನಿಗೆ.”

ಹೀಗೆ ವಿಜಯಿಯನ್ನು ಬೆನ್ನ ಮೇಲೆ ಹೊತ್ತು ಮರಿದೇವಯ್ಯ ಮನೆಗೆ ಬಂದ. ಬರಿಗೈಯಲ್ಲಿ ಬಂದನೆಂದು ಯಾರೂ ಹೇಳುವಂತಿರಲಿಲ್ಲ. ಸಂಜೆಯೊಳಗೆ ಬಾಗಿಲು ಸ್ವಸ್ಥಾನ ಸೇರಿತು, ಚಿಲಕ ಮಾತ್ರ ಕೂರಲಿಲ್ಲ. ಘಾಟಿಮರ್ದನನು ಸೋರುವ ಹಂಡೆಯಲ್ಲಿ ಉಳಿದಷ್ಟು ನೀರನ್ನು ಮೊಗೆಯುತ್ತ, ಗಾಳಿಗೆ ತೆರೆಯದಂತೆ ಬಾಗಿಲನ್ನು ಒಂದು ಕಾಲಿನಿಂದ ಒತ್ತಿ ಹಿಡಿದು ಸ್ನಾನ ಮಾಡುತ್ತಿದ್ದಾಗ, ಹೊರಗಿನಿಂದ ಧ್ವನಿ ಬಂತು:

“ರೀ, ಚಿತ್ರಾನ್ನಕ್ಕೆ ಅಂತ ನಾಲ್ಕು ನಿಂಬೆಹಣ್ಣು ಇಟ್ಟಿದ್ನಲ್ಲ, ಕಂಡ್ರಾ?”