ಗೊಂತಿನ ಲೈಸೆನ್ಸು

ಸೋಮನಹಳ್ಳಿಯ ವೆಲ್ಡಿಂಗ್ ಚಲುವರಾಜುವಿನ ತಲೆ ಕೆಟ್ಟಿದ್ದು ಒಂದು ಬೀಗರೂಟದಲ್ಲಿ. ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಅಕ್ಕನ ಮಗಳು ದೀಪಿಕ ಪಕ್ಕದ ಎಲೆಗೇ ಬಂದು ಕೂತಿದ್ದಳು. ಯಾವುದೋ ದೇಶದಲ್ಲಿ ಒಂದು ಕಂಪನಿ ಇದೆಯಂತೆ. ಅದು ಒಂದು ಮೊಳೆಯನ್ನೂ ತಯಾರಿಸುವುದಿಲ್ಲವಂತೆ. ಫೋನಿನೊಳಗಿನ ಚಿಪ್ಪಿಗೆ ನಕ್ಷೆ ಬರೆದು, ಮಾಡಿಕೊಳ್ಳಿ ಎಂದು ಬೇರೆಯವರಿಗೆ ಲೈಸೆನ್ಸು ಕೊಡುತ್ತದಂತೆ. ಅವರು ಮಾಡಿ ಮಾರಿದ ಪ್ರತಿಯೊಂದು ಚಿಪ್ಪಿಗೂ ಇದಕ್ಕೆ ಪಾಲು. ಮುದ್ದೆ ಮುರಿಯುತ್ತಿದ್ದ ಚಲುವರಾಜುವಿನ ಕೈ ಸಾರಿನಲ್ಲೇ ನಿಂತಿತು. ಇಂಥ ಸುಖದ ಕಸುಬೊಂದು ಇರುವಾಗ ತಾನು ಇಷ್ಟು ವರ್ಷ ಕಣ್ಣು ಸುಟ್ಟುಕೊಂಡೆನಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ನಕ್ಷೆ ಬರೆಯಲು ಅವನಲ್ಲೂ ಒಂದು ಸರಕಿತ್ತು. ಹೆಂಡತಿ ವನಜಾಳ ಸೀಮೆಹಸು ಮೇವು ತಿನ್ನುವುದಕ್ಕಿಂತ ಹೆಚ್ಚಾಗಿ ಕೊಟ್ಟಿಗೆಯ ತುಂಬ ಎಳೆದಾಡುತ್ತಿತ್ತು. ಅದಕ್ಕೆಂದು ಅವನು ಮೇವು ಹಾಕುವ ಗೊಂತಿನ ಮುಂದೆ ಓರೆಯಾಗಿ ಕಂಬಿಗಳನ್ನು ಕೂರಿಸಿದ್ದ. ಹಸು ತಲೆ ತೂರಿಸಿ ತಿನ್ನಬೇಕು, ತಿಂದು ಮುಗಿಸಿಯೇ ತಲೆ ತೆಗೆಯಬೇಕು. ಒಂದು ಎಸಳು ಹುಲ್ಲು ಕೆಳಗೆ ಬೀಳುತ್ತಿರಲಿಲ್ಲ.

ಆ ಗೊಂತಿನ ಚಿತ್ರ ಬರೆದು, ಜೆರಾಕ್ಸ್ ಮಾಡಿಸಿ, ಕೊಪ್ಪದ ಅಶೋಕನಿಗೂ ಕಿರುಗಾವಲಿನ ಶಿವರಾಮುವಿಗೂ ಕೊಟ್ಟ. ಇಬ್ಬರೂ ಅವನಂತೆಯೇ ವೆಲ್ಡಿಂಗ್ ಅಂಗಡಿಯವರು. ಮಾರಿದ ಒಂದೊಂದು ಗೊಂತಿಗೂ ತನಗೆ ಪಾಲು ಎಂದು ಮಾತಾಯಿತು. ಕಂಬಿಯಿಂದ ಕಂಬಿಗೆ ಎಷ್ಟು ಅಂತರ ಎನ್ನುವಲ್ಲಿ ‘ಒಂದು ಗೇಣು’ ಎಂದು ಬರೆದಿದ್ದ. ಕೊಟ್ಟಿಗೆಯಲ್ಲಿ ಕೆಲಸ ಮಾಡಿದ ದಿನ ಟೇಪು ಸಿಕ್ಕಿರಲಿಲ್ಲ, ಗೇಣಿನಲ್ಲೇ ಮುಗಿದಿತ್ತು. ಇನ್ನು ವೆಲ್ಡಿಂಗ್ ಮಿಷಿನ್ನು ಯಾಕೆ? ಮದ್ದೂರಿನ ಒಬ್ಬನಿಗೆ ಮಾರುವುದೆಂದು ಮಾತಾಡಿ ಆಗಿತ್ತು. ನಾಳೆ ಬಂದು ಒಯ್ಯುವವನಿದ್ದ.

“ನಾವೇ ಮಾಡಿ ಮಾರುದ್ರೆ ಆಗಾಕಿಲ್ವಾ?” ಎಂದಳು ವನಜಾ.

“ಕಂಪ್ನಿ ಅನ್ನೋದು ಮಾಡಾಕಿಲ್ಲ ಕಣೆ, ಮಾಡುಸ್ತದೆ. ಒಪ್ಗೆ ಇಲ್ದೆ ನಮ್ಮ ಅಳ್ತೆ ಯಾವನೂ ಮುಟ್ಟಂಗಿಲ್ಲ.”

ಅಷ್ಟು ಹೇಳಿ ಕಾಫಿ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಅಶೋಕನ ಫೋನು ಬಂತು.

“ಅಣ್ಣಾ, ಮರಿತಾಯಮ್ಮಾರ ಅಸ ಗೊಂತೊಳ್ಗೆ ತಲೆ ಆಕದೆ. ಈಚೆಗ್ ಬತ್ತಾ ಇಲ್ಲ. ಅಯಮ್ಮ ನಮ್ಮಂಗ್ಡಿ ಮುಂದೆ ನಿಂತ್ಕಂಡು ನಿನ್ನೆಸ್ರು ಇಡ್ದು ಬೋಯ್ತಾವ್ಳೆ.”

“ಮಾಡ್ದೋನು ನೀನು, ನನ್ಯಾಕ್ಲಾ ಬಯ್ತಾಳೆ?”

“ಡಿಜೈನು ನಿಂದಲ್ವಾ ಅಣ್ಣ.”

ಚಲುವರಾಜು ಬೈಕು ತೆಗೆದ. ತೆಗೆಯುವ ಹೊತ್ತಿಗೆ ಪಕ್ಕದ ಮನೆಯ ಪುಟ್ಟಮಾದಯ್ಯ ಹಿಂದೆ ಹತ್ತಿ ಕೂತಾಗಿತ್ತು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ರಿಟೈರಾದ ಮೇಲೆ ಊರವರ ತೊಂದರೆಗಳಿಗೆ ಹಾಜರಿ ಹಾಕುವುದೇ ಅವರ ಕೆಲಸ.

“ಅಗ್ರಿಮೆಂಟ್ನಲ್ಲಿ ಅಸ ಸಿಕ್ಕಾಕ್ಕಂಡ್ರೆ ಒಣೆ ಯಾರ್ದು ಅಂತ ಬರ್ಸಿದ್ದೀಯೇನ್ಲಾ?” ಎಂದು ಅವರು ದಾರಿಯುದ್ದಕ್ಕೂ ಕೇಳಿದರು.

“ಬಾಯ್ಮಾತು ಕಣಣ್ಣ.”

“ಕೆಟ್ಟೆ ಬುಡು.”

ಕೊಪ್ಪದಲ್ಲಿ ಮರಿತಾಯಮ್ಮನ ಹಸು ಕಂಬಿಗಳ ನಡುವೆ ತಲೆ ಇಟ್ಟುಕೊಂಡು, ಜೈಲಿನಲ್ಲಿರುವ ನೆಂಟನ ಹಾಗೆ ಎಲ್ಲರನ್ನೂ ನೋಡುತ್ತಿತ್ತು. ಚಲುವರಾಜು ಅಶೋಕನ ಕೈ ಹಿಡಿದು ನೋಡಿದ. ಕಡ್ಡಿಯಂಥ ಆಳು, ಮಗುವಿನಂಥ ಗೇಣು.

“ಇದೊಂದು ಗೇಣೇನ್ಲಾ? ಗೇಣು ಅಂದ್ರೆ ಇದು,” ಎಂದು ತನ್ನ ಕೈ ಅಗಲಿಸಿ ತೋರಿಸಿದ. ಕಂಬಿ ಕತ್ತರಿಸಿ, ಹಸುವನ್ನು ಬಿಡಿಸಿ, ತನ್ನ ಗೇಣಿನ ಅಂತರಕ್ಕೆ ತಾನೇ ಮತ್ತೆ ವೆಲ್ಡ್ ಮಾಡಿದ. ಪಾಲು ತೆಗೆದುಕೊಳ್ಳಬೇಕಾದ ಕಂಪನಿ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆವರು ಸುರಿಸಿತು.

“ಮತ್ತೇನಾರ ಎಡವಟ್ಟಾದ್ರೆ ಈ ಗೊಂತ ತಂದು ನಿನ್ ಮನೆ ಬಾಗ್ಲಿಗೆ ಆಕ್ತೀನಿ ಕಣಪ್ಪ,” ಎಂದಳು ಮರಿತಾಯಮ್ಮ.

ಕೈ ತೊಳೆಯುವ ಮೊದಲೇ ಕಿರುಗಾವಲಿನಿಂದ ಕರೆ ಬಂತು. ಬೈಕು ಮಳವಳ್ಳಿ ದಾಟಿ ಓಡಿತು. ಶಿವರಾಮುವಿನ ಕೈ ಮೊರದಷ್ಟು ಅಗಲ. ಅವನು ಮಾಡಿದ ಗೊಂತಿನ ಕಂಬಿಗಳ ನಡುವೆ ಕರುವೊಂದು ಆರಾಮಾಗಿ ಒಳಗೆ ನುಗ್ಗಿ, ಮೇವಿನ ಮೇಲೆ ಮಲಗಿ ನಿದ್ದೆ ಮಾಡುತ್ತಿತ್ತು. ಚಲುವರಾಜು ಮತ್ತೆ ಕತ್ತರಿಸಿದ, ಮತ್ತೆ ಗೇಣಿಟ್ಟ, ಮತ್ತೆ ವೆಲ್ಡ್ ಮಾಡಿದ. ಪುಟ್ಟಮಾದಯ್ಯ ನೆರಳಲ್ಲಿ ಕೂತು, ಅಗ್ರಿಮೆಂಟು ಇಲ್ಲದ ವ್ಯವಹಾರಗಳು ಹೇಗೆಲ್ಲಾ ಹಾಳಾದವು ಎಂದು ನೆರೆದವರಿಗೆ ವಿವರಿಸಿದರು.

ವಾಪಸು ಬರುವಾಗ ಮಳವಳ್ಳಿಯಲ್ಲಿ ಟೀ ಕುಡಿಯಲು ನಿಂತರು. ಟೀ ಬರುವ ಮೊದಲು ಅಶೋಕನ ಫೋನು ಬಂತು.

“ಅಣ್ಣಾ, ಅಸ ಇವಾಗ ಸಲೀಸಾಗಿ ತಲೆ ಈಚೆಗ್ ತೆಗೀತದೆ. ತೆಗ್ಯೋವಾಗ ಬಾಯ್ತುಂಬ ಉಲ್ಲು ತಂದು ಒದ್ರುತದೆ. ಗೊಂತೇ ಇಲ್ದಂಗಾಯ್ತು ಅಂತವ್ರೆ ಮರಿತಾಯಮ್ಮ.”

“ನನ್ನ ಗೇಣ್ಲಾ ಅದು. ತಪ್ಪಾಗಾಕೆ ಸಾಧ್ಯನೇ ಇಲ್ಲ.”

“ನಿನ್ ಗೇಣಿಟ್ರೂ ಇಂಗೇ ಆದ್ರೆ ನಿನ್ ಡಿಜೈನು ನೀನೇ ಇಟ್ಕೊ. ನಂಗ್ ಬ್ಯಾಡ.”

ಟೀ ಮುಗಿಯುವುದರೊಳಗೆ ಶಿವರಾಮುವೂ ಅದನ್ನೇ ಹೇಳಿದ. ಚಲುವರಾಜುವಿಗೆ ಅಳು ಬಂತು. ಇಬ್ಬರೂ ಕೈಬಿಟ್ಟರೆ ಕಂಪನಿ ಮುಳುಗಿತು, ಮಿಷಿನ್ನೂ ನಾಳೆ ಹೋಗುತ್ತದೆ. ಆಮೇಲೆ ಮಾಡುವುದೇನು?

“ನಿನ್ ಕೈಯೇ ಬದ್ಲಾಗಿದ್ದಾತು,” ಎಂದು ಪುಟ್ಟಮಾದಯ್ಯ ಸಮಾಧಾನ ಮಾಡಿದರು. ಅವರನ್ನು ಅಲ್ಲೇ ಬಿಟ್ಟು ಬರಬೇಕೆನಿಸಿತು, ಆದರೆ ಟೀಗೆ ದುಡ್ಡು ಕೊಟ್ಟವರು ಅವರೇ.

ಮನೆಗೆ ಬಂದವನೇ ಸೀದಾ ಕೊಟ್ಟಿಗೆಗೆ ನುಗ್ಗಿದ. ವನಜಾ ಹಾಲು ಕರೆಯುತ್ತಿದ್ದಳು. ಹಸು ತಲೆ ತೂರಿಸಿ ಸದ್ದಿಲ್ಲದೆ ಮೇಯುತ್ತಿತ್ತು, ಕೆಳಗೆ ಒಂದು ಎಸಳಿಲ್ಲ. ಅವನು ಪಕ್ಕದ ಎರಡು ಕಂಬಿಗಳ ನಡುವೆ ಗೇಣಿಟ್ಟ. ಕೈ ಹಿಡಿಸಲಿಲ್ಲ. ಎಡಗೈ ಇಟ್ಟ, ಅದೂ ಹಿಡಿಸಲಿಲ್ಲ. ಕಿರುಬೆರಳನ್ನು ಮಡಚಿದರೆ ಮಾತ್ರ ಸರಿಹೋಗುತ್ತಿತ್ತು.

“ಅದು ನಿಮ್ ಗೇಣಲ್ಲ,” ಎಂದಳು ವನಜಾ, ಕೆಚ್ಚಲಿನಿಂದ ಕಣ್ಣು ತೆಗೆಯದೆ.

“ಮತ್ಯಾರ್ದು?”

“ನೀವು ಒಂದ್ ಕೈಲಿ ರಾಡು, ಇನ್ನೊಂದ್ ಕೈಲಿ ಮುಖಕ್ಕೆ ಅಡ್ಡ ಗಾಜು ಇಡ್ಕಂಡಿದ್ರಿ. ಅಂತರ ನೋಡೆ ಅಂದ್ರಿ. ನಾನು ಗೇಣಿಟ್ಟು ಇಟ್ಟು ತೋರುಸ್ದೆ, ನೀವು ಅಂಟುಸ್ತಾ ಓದ್ರಿ.” ಅವಳು ಎದ್ದು ಬಂದು ಕೈ ಅಗಲಿಸಿದಳು. ಹೆಬ್ಬೆರಳು ಈ ಕಂಬಿಗೆ, ಕಿರುಬೆರಳು ಆ ಕಂಬಿಗೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಚಲುವರಾಜುವಿಗೆ ಹೋದ ಜೀವ ಬಂತು. ಅಂಗಡಿಗೆ ಓಡಿ ಟೇಪು ತಂದು ಕಂಬಿಗೆ ಹಿಡಿಯಹೋದ. ವನಜಾ ಗೊಂತಿಗೆ ಅಡ್ಡ ನಿಂತಿದ್ದಳು.

“ಒಪ್ಗೆ ಇಲ್ದೆ ಅಳ್ತೆ ಮುಟ್ಟಂಗಿಲ್ಲ.”

“ಲೇ, ತಮಾಸೆಗೆ ಒತ್ತಲ್ಲ ಇದು. ಬುಡು.”

“ತಮಾಸೆ ಯಾರಿಗ್ ಬೇಕು? ನೀವು ಟೇಪ್ ತರೋದ್ರೊಳ್ಗೆ ದೀಪಿಕಂಗೂ ಫೋನ್ ಮಾಡಿ ಕೇಳ್ದೆ. ಅಳ್ತೆ ಯಾರ್ದೋ ಡಿಜೈನೂ ಅವ್ರ್ದೇ ಅಂದ್ಲು. ಅಶೋಕ, ಶಿವರಾಮು ಇಬ್ರೂ ಬ್ಯಾಡ ಅಂದ್ರಂತೆ, ಪುಟ್ಟಮಾದಣ್ಣ ಈಗ್ತಾನೆ ಬೀದೀಲಿ ಏಳ್ಕಂಡ್ ಓದ್ರು. ಬ್ಯಾಡ ಅಂದೋರ್ ತಾವ ನಾನ್ಯಾಕೆ ಓಗ್ಲಿ? ಲೈಸೆನ್ಸು ನಿಮ್ಗೇ ಕೊಡ್ತೀನಿ. ನೀವು ಮಾಡಿ, ಮಾರಿ. ಗೊಂತಿಗಿಷ್ಟು ಅಂತ ನನ್ ಪಾಲು ನಂಗೆ ಕೊಡಿ.”

“ಗಂಡನ್ ತಾವ್ಲೂ ಪಾಲೇನೆ?”

“ಗಂಡ ಅಂತ್ಲೇ ಕೊಡ್ತಿರೋದು. ಬ್ಯಾರೇವ್ರಾಗಿದ್ರೆ ಮೊದ್ಲೇ ಅಡ್ವಾನ್ಸ್ ಕೇಳ್ತಿದ್ದೆ.”

ಚಲುವರಾಜು ಕೊಟ್ಟಿಗೆಯ ಹೊರಗೆ ಬಂದು, ಮದ್ದೂರಿನವನಿಗೆ ಫೋನು ಮಾಡಿ, ಮಿಷಿನ್ನು ಮಾರುವುದಿಲ್ಲ ಎಂದ. ಯಾಕೆ ಎಂದು ಅವನು ಕೇಳಿದ.

“ಕೆಲ್ಸಕ್ ಸೇರ್ಕಂಡೆ ಕಣಪ್ಪ,” ಎಂದ ಚಲುವರಾಜು. “ಕಂಪ್ನೀಲಿ.”