ಯಾರ ಜೋಡಿ?

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಕಲಿಯದ ವಿದ್ಯೆಯಿಲ್ಲ. ಅವರಿಗೆ ಬಂದ ವಿದ್ಯೆಯೂ ಒಂದಿಲ್ಲ! ಹೊಲಿಗೆ, ವೈರಿಂಗು, ಅಣಬೆ ಬೆಳೆಯುವುದು, ಹುಬ್ಬು ತಿದ್ದುವುದು... ಧಾರವಾಡದಲ್ಲಿ ಎಲ್ಲಿ ಪುಕ್ಕಟೆ ತರಬೇತಿ ಎಂದರೂ ಮೊದಲ ಬೆಂಚಿನಲ್ಲಿ ಕಾಕು. ಕೆಲಗೇರಿಯ ಅವರ ಮನೆಯ ಗೋಡೆಯ ಮೇಲೆ ಪ್ರಮಾಣಪತ್ರಗಳದೇ ದರಬಾರು. ದೇವರ ಫೋಟೋಗಳು ಅಡುಗೆಮನೆಗೆ ಸರಿದಿವೆ.

ಇದರ ಫಲ ಉಂಡವರು ಕಾಕಾ. ಕಾಕು ಹೊಲಿದ ಪೈಜಾಮದ ಎರಡೂ ಕಾಲು ಒಂದೇ ದಿಕ್ಕಿಗೆ ತಿರುಗಿದ್ದವು.

"ಇದನ್ನ ಹಾಕ್ಕೊಂಡು ಪ್ಯಾಟಿಗೆ ಹೊಂಟ್ರ ಗರಗಕ್ಕ ಮುಟ್ಟತೇನಿ!"

"ಮುಟ್ರಿ, ನನ್ನ ತವರಮನಿ ಅಲ್ಲೇ ಐತಿ!"

ಆಮೇಲೆ ವೈರಿಂಗು. ಬಾಗಿಲ ಗಂಟೆ ಒತ್ತಿದರೆ ಬಚ್ಚಲಮನೆಯ ದೀಪ ಹತ್ತುತ್ತಿತ್ತು. ಕಾಕಾ ಮೈಗೆಲ್ಲ ಸಾಬೂನು ಹಚ್ಚಿಕೊಂಡು ಒಳಗಿಂದಲೇ ಕೂಗಬೇಕು: "ಯಾರೋ ಬಂದಾರ ನೋಡು, ದೀಪ ಹತ್ತೈತಿ!"

"ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕ್ರಿ ಕಾಕು?" ಎಂದು ನಾನು ಕೇಳಿದರೆ, "ಮನ್ಯಾಗ ಕುಂತು ನಿಮ್ಮ ಕಾಕಾನ ಮಾರಿ ನೋಡ್ಲೇನು?" ಎನ್ನುತ್ತಿದ್ದರು.

ಖರೇ ಸಂಗತಿ ತಿಳಿದದ್ದು ಪಕ್ಕದ ಮನೆಯ ರೇಷ್ಮಾಳಿಂದ. ಅವಳ ಅಪ್ಪ ಹುಸೇನಸಾಬರು ಬೈಕ್ ರಿಪೇರಿ ಮಾಡುವವರು, ಒಳ್ಳೆಯ ಮನುಷ್ಯ. ಮಗಳು ಕಲಿಯಲಿ ಎಂಬ ಆಸೆಯೂ ಇತ್ತು. ಆದರೆ ಅವಳು ಚಪ್ಪಲಿ ಮೆಟ್ಟಿದರೆ ಸಾಕು, ನಮ್ಮ ಕಡೆಯ ಎಲ್ಲ ಅಪ್ಪಂದಿರಂತೆ ಒಂದೇ ಪ್ರಶ್ನೆ: "ಯಾರ ಜೋಡಿ ಹೊಂಟಿ?" "ಕಾಕು ಜೋಡಿ" ಎಂದರೆ ಹೋಗಬಹುದು, ಇಲ್ಲದಿದ್ದರೆ ಒಲೆಯ ಮುಂದೆ. ಓಣಿಯ ಎಷ್ಟೋ ಹುಡುಗಿಯರು ಹೀಗೆ ಕಾಕುವಿನ ಜೋಡಿ ಹೋಗಿಯೇ ಕೆಲಸ ಕಲಿತಿದ್ದರು! ಕೌಶಲದಿಂದ ದೇಶ ಮುಂದೆ ಬರುತ್ತದೆ ಎಂದು ಉದ್ಘಾಟನೆಯ ಭಾಷಣದಲ್ಲಿ ಹೇಳುತ್ತಾರೆ. ಬರಲಿ. ಆದರೆ ದೇಶ ಮುಂದೆ ಬರುವ ಮೊದಲು ಹುಡುಗಿ ಮನೆಯಿಂದ ಹೊರಗೆ ಬರಬೇಕಲ್ಲ?

ರೇಷ್ಮಾಗೆ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸ ಸಿಕ್ಕಿತು. "ಅಲ್ಲಿಗೆ ಯಾರ ಜೋಡಿ?" ಎಂದರು ಹುಸೇನಸಾಬರು. ಕಾಕು ಸೀದಾ ಕಾರ್ಖಾನೆಗೆ ಹೋಗಿ, ತನಗೂ ಕೆಲಸ ಕೊಡಿ ಎಂದರಂತೆ! ಅಲ್ಲಿಯವರು ಪರೀಕ್ಷೆಗೆಂದು ಒಂದು ಬಲ್ಬು ಜೋಡಿಸಲು ಹೇಳಿದರು. ಬಲ್ಬು ಹತ್ತಲಿಲ್ಲ, ಫ್ಯಾನು ತಿರುಗಿತು.

ಹಾಜರಾಗಬೇಕಾದ ಬೆಳಿಗ್ಗೆ ರೇಷ್ಮಾ ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಂದು ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ಕಾಕು ನನ್ನನ್ನೂ ಕರೆದುಕೊಂಡು ಅವರ ಮನೆಗೆ ನಡೆದರು.

"ಹುಸೇನಭಾಯಿ, ನನ್ನ ತಗೊಳ್ಳಿಲ್ರಿ ಅಲ್ಲಿ. ನಾ ಬರೇ ಜೋಡಿ ಹೋದಾಕಿ, ಅಕಿ ಖರೇನ ಕಲತಾಳ. ಕಲತಾಕೀನ್ನ ಮನ್ಯಾಗ ಕುಂಡ್ರಸಬ್ಯಾಡ್ರಿ."

ಹುಸೇನಸಾಬರು ಬೈಕಿನ ಕೀಲಿ ಎತ್ತಿಕೊಂಡರು. "ಹತ್ತು ಬೇಟಾ. ಇವತ್ತೊಂದಿನ ನನ್ನ ಜೋಡಿ ಬಾ. ನಾಳಿಂದ ಬಸ್ಸಿಗೆ ನೀನ ಹೋಗು."

"ಇನ್ನ ನಿಮ್ಮ ಕಲಿಕಿ ಮುಗೀತಲ್ರಿ ಕಾಕು!" ಎಂದು ಚೇಷ್ಟೆ ಮಾಡಿದೆ. ಕಾಕು ಬೈಕು ಹೋದ ದಾರಿಯನ್ನೇ ನೋಡುತ್ತಿದ್ದರು.

"ನಾ ಗರಗದಾಗ ಇದ್ದಾಗ ನರ್ಸ್ ತರಬೇತಿಗೆ ಧಾರವಾಡಕ್ಕ ಕರದಿದ್ರು. ಅಪ್ಪ ಒಂದ ಮಾತು ಕೇಳಿದಾ, ಯಾರ ಜೋಡಿ ಹೋಗ್ತಿ ಅಂತ. ಯಾರೂ ಇರಲಿಲ್ಲವಾ ನನಗ."



ಸೋಮವಾರ ಆಟೋ ಓಡಿಸುವ ತರಬೇತಿ ಸುರುವಾಗುತ್ತದೆ. ಕಾಕು ಹೆಸರು ಹಚ್ಚಿದ್ದಾರೆ. ನಾನೂ ಹಚ್ಚಿದೆ.

"ಕಾಲೇಜಿನ್ಯಾಗ ಪಾಠಾ ಹೇಳಾಕಿ, ನಿನಗ್ಯಾಕ ಆಟೋ?"

"ಆಟೋ ಯಾರಿಗೆ ಬೇಕಾಗೇತ್ರಿ ಕಾಕು? ನಾ ನಿಮ್ಮ ಜೋಡಿ."